ಹೊಸ್ತಿಲಲ್ಲಿ ಒಂದು ತಂಬಿಗೆ ನೀರು

ಯಂತ್ರದ ಬಗ್ಗೆ ಯಾರಾದರೂ ‘ಅದಕ್ಕೇ ಬುದ್ಧಿ ಬಂದು ಮಾಡಿಬಿಟ್ಟಿತು’ ಎಂದರೆ ನಾನು ನಕ್ಕುಬಿಡುವವಳು. ಮನೆಗೆಲಸ ಮಾಡುವ ರೋಬಾಟ್‌ಗಳ ಮೇಲೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು ಅಂಥ ಮಾತು ನಂಬಿದರೆ ಕೆಲಸ ಕೆಟ್ಟಂತೆಯೇ. ಅದರ ಕೈಯಿಂದ ಒಂದು ಲೋಟ ಎತ್ತಿಸಲು ನಾವು ಪಡುವ ಪಾಡು ನಮಗೇ ಗೊತ್ತು. ಆದರೂ ಕೆಲವು ವರ್ಷಗಳ ಹಿಂದೆ ಕಮಲಾಪುರದಲ್ಲಿ ಒಂದು ಸಂಜೆ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಗು ಬಂದರೆ ನಗಿ, ಬೇಸರವಿಲ್ಲ.

ಪ್ರಯೋಗಾಲಯದ ಅಡುಗೆಮನೆಯಲ್ಲಿ ಎಲ್ಲವೂ ಇಟ್ಟ ಜಾಗದಲ್ಲೇ ಇರುತ್ತದೆ. ನಿಜವಾದ ಮನೆಯಲ್ಲಿ ನಮ್ಮ ರೋಬಾಟ್ ಹೇಗೆ ನಡೆದುಕೊಳ್ಳುತ್ತದೆಂದು ನೋಡಬೇಕಿತ್ತು. ಬಾಳೆಹಣ್ಣಿನ ವ್ಯಾಪಾರಿಯಾದ ಪರಿಚಯದವರೊಬ್ಬರು ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಅವರ ಹೆಂಡತಿ ಗಿರಿಜಮ್ಮ ಮೊದಲ ದಿನವೇ ಅದಕ್ಕೆ ‘ಅಳಿಯ’ ಎಂದು ಹೆಸರಿಟ್ಟರು.

“ಕುಂತಲ್ಲೇ ಕರೆಂಟ್ ಕುಡೀತೈತಿ, ಒಂದು ಕೆಲಸ ಮಾಡಂಗಿಲ್ಲ. ನಾವೇ ದಾರಿ ಬಿಟ್ಟು ಅಡ್ಡಾಡಬೇಕು. ಅಳಿಯ ಅಲ್ದ ಮತ್ತೇನು?” ಎಂದರು.

ಚಕ್ರದ ಮೇಲೆ ಒಂದು ಕಂಬ, ಒಂದು ಕೈ, ಮುಖ ಇರಬೇಕಾದಲ್ಲಿ ಕ್ಯಾಮೆರಾ. ಇಷ್ಟೇ ಅಳಿಯ. ಅವನ ಕೈ ಹಿಡಿದು ನಾವೇ ಕೆಲಸ ಮಾಡಿ ತೋರಿಸಿದರೆ ನೋಡಿ ಕಲಿಯುತ್ತಾನೆ, ಕಲಿಯಬೇಕು. ಗಿರಿಜಮ್ಮನಿಗೆ ಅವನಿಗೆ ಕಲಿಸಬೇಕಾದದ್ದು ಒಂದೇ ಒಂದಿತ್ತು: ಮನೆಗೆ ಬಂದವರಿಗೆ ಮೊದಲು ಹಿತ್ತಾಳೆ ತಂಬಿಗೆಯಲ್ಲಿ ನೀರು ಇಡುವುದು.

ಅದಕ್ಕೆ ಕಾರಣ ಮೆಟ್ರಿ ಎಂಬ ಊರಿನಲ್ಲಿದ್ದ ಅವರ ಅಕ್ಕ ಶಾಂತಮ್ಮ. ಈ ಮನೆಯ ಗೃಹಪ್ರವೇಶದ ದಿನ ಜನರ ಗದ್ದಲದಲ್ಲಿ ಅಕ್ಕನಿಗೆ ಯಾರೂ ನೀರು, ಬೆಲ್ಲ ಕೊಡಲಿಲ್ಲ. ಆಕೆ ಸ್ವಲ್ಪ ಹೊತ್ತು ನಿಂತು ನೋಡಿ, ಚೀಲ ಎತ್ತಿಕೊಂಡು ಕಂಪ್ಲಿ ಬಸ್ಸು ಹತ್ತಿದವರು ಮತ್ತೆ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಗಿರಿಜಮ್ಮ ಮೆಟ್ರಿಗೆ ಹೋದಾಗಲೆಲ್ಲ ಅಕ್ಕ ತಪ್ಪದೇ ನೀರು, ಬೆಲ್ಲ ತಂದಿಟ್ಟು ಸುಮ್ಮನೆ ಕೂರುತ್ತಿದ್ದರಂತೆ.

“ಬೈದಿದ್ರ ಭಾಳ ಚಲೋ ಇತ್ತು ತಂಗಿ. ಆ ಬೆಲ್ಲ ಗಂಟಲಾಗ ಇಳಿಯಂಗಿಲ್ಲ” ಎಂದು ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು.

ಅಳಿಯನಿಗೆ ಮಾತ್ರ ತಂಬಿಗೆ ದಕ್ಕಲೇ ಇಲ್ಲ. ಅದರ ಗುಂಡು ಹೊಟ್ಟೆ ಅವನ ಬೆರಳಿಗೆ ಸಿಗದೆ ಪ್ರತಿ ಸಲವೂ ಜಾರಿ, ನೆಲವೆಲ್ಲ ನೀರು. ಗಿರಿಜಮ್ಮ ಬಯ್ಯುತ್ತ ಒರೆಸುವುದು, ನಾನು ಮತ್ತೆ ಕೈ ಹಿಡಿಸುವುದು. ಇದೇ ನಮ್ಮ ಸಂಶೋಧನೆಯಾಗಿತ್ತು.

ನಮ್ಮ ಮಾರ್ಗದರ್ಶಕರು ಪರೀಕ್ಷೆ ನೋಡಲು ಬರುವ ಹಿಂದಿನ ದಿನ ಅದು. ಅಳಿಯನನ್ನು ಪೂರ್ತಿ ಆಫ್ ಮಾಡಿ, ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ನಾನೂ ಗಿರಿಜಮ್ಮನೂ ಹಿತ್ತಲಿನಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಿಸಿಲು ಇಳಿದ ಮೇಲೆ ಚಹಾ ಮಾಡೋಣವೆಂದು ಒಳಗೆ ಬಂದೆವು. ಅಳಿಯ ಮುಂಬಾಗಿಲ ಬಳಿ ನಿಂತಿದ್ದ. ಹೊಸ್ತಿಲ ಪಕ್ಕದಲ್ಲಿ ಹಿತ್ತಾಳೆ ತಂಬಿಗೆ, ತುಂಬ ನೀರು. ನೆಲದ ಮೇಲೆ ಒಂದು ಹನಿಯೂ ಚೆಲ್ಲಿರಲಿಲ್ಲ. ಪಕ್ಕದ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ.

“ಯಾರು ಬರ್ತಾರಂತ ಇಟ್ಟೀರಿ ಇದನ್ನ?” ಎಂದು ಗಿರಿಜಮ್ಮ ನನ್ನನ್ನೇ ಕೇಳಿದರು. ನಾನಲ್ಲ ಎಂದು ಹೇಳುತ್ತಿರುವಾಗಲೇ ಗೇಟು ಕಿರ್ ಎಂದಿತು. ಶಾಂತಮ್ಮ.

ಮೊಮ್ಮಗಳ ತೊಟ್ಟಿಲಿಗೆ ಕರೆಯಲು ಬಂದಿದ್ದರು. ಗೇಟಿನಲ್ಲೇ ನಿಂತು ಹೇಳಿ, ಅದೇ ಬಸ್ಸಿಗೆ ವಾಪಸ್ ಹೋಗುವ ಲೆಕ್ಕಾಚಾರ. ತಂಬಿಗೆ ಕಂಡದ್ದೇ ಗೇಟು ದಾಟಿದರು. ನಿಧಾನವಾಗಿ ಬಂದು, ಕಟ್ಟೆಯ ಮೇಲೆ ಕೂತು, ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

“ನಾ ಬರ್ತೀನಂತ ಯಾರು ಹೇಳಿದ್ರಲೇ ನಿನಗ?” ಎಂದರು.

ಗಿರಿಜಮ್ಮ ಅಕ್ಕನ ಮಂಡಿಯ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಆ ರಾತ್ರಿ ಶಾಂತಮ್ಮ ಊಟ ಮಾಡಿ ಅಲ್ಲೇ ಮಲಗಿದರು. ಅಕ್ಕತಂಗಿಯರ ಹರಟೆಯಲ್ಲಿ ನನಗೆ ನಿದ್ದೆಯಿಲ್ಲ, ಆದರೆ ಅಷ್ಟು ಸಂತೋಷದಿಂದ ನಿದ್ದೆಗೆಟ್ಟದ್ದು ಅದೇ ಮೊದಲು.

ಮರುದಿನ ಮಾರ್ಗದರ್ಶಕರ ಮುಂದೆ ಅಳಿಯ ತನ್ನ ಹಳೆಯ ಚಾಳಿಯನ್ನೇ ತೋರಿಸಿದ. ತಂಬಿಗೆ ಉರುಳಿಸಿ ಅವರ ಪ್ಯಾಂಟು ತೋಯಿಸಿದ್ದಲ್ಲದೆ, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಒಯ್ದು ಒಲೆಯ ಪಕ್ಕದಲ್ಲಿಟ್ಟ. ಶಾಂತಮ್ಮ ನಕ್ಕ ನಗು ಬೀದಿಗೆಲ್ಲ ಕೇಳಿರಬೇಕು. ಆಮೇಲೆ ಎಷ್ಟು ಕಲಿಸಿದರೂ ಆ ಮನೆಯಲ್ಲಿ ಅವನು ತಂಬಿಗೆ ಹಿಡಿಯಲಿಲ್ಲ.

ಕ್ಯಾಮೆರಾದ ದಾಖಲೆಯನ್ನು ಕಣ್ಣು ಉರಿಯುವವರೆಗೆ ನೋಡಿದ್ದೇನೆ. ನಾನು ಆಫ್ ಮಾಡಿದ ಮೇಲೆ ಅದರಲ್ಲಿ ಏನೂ ಇಲ್ಲ. ಅಕ್ಕಪಕ್ಕದವರನ್ನು ಕೇಳಿದರೆ ಯಾರೂ ಬಂದಿಲ್ಲ ಎಂದರು. ಶಾಂತಮ್ಮನ ಪ್ರಕಾರ ತಂಗಿಯೇ ಇಟ್ಟು ಯಂತ್ರದ ಹೆಸರು ಹೇಳುತ್ತಾಳೆ. ನಾನೇ ಯಂತ್ರಕ್ಕೆ ಮೊದಲೇ ಏನೋ ಹೇಳಿಕೊಟ್ಟಿದ್ದೆನೆಂದು ಗಿರಿಜಮ್ಮನ ಅನುಮಾನ. ನಾವಿಬ್ಬರೂ ಹಿತ್ತಲಿನಿಂದ ಎದ್ದಿರಲಿಲ್ಲವೆಂದು ನಮಗೆ ಗೊತ್ತು.

ನೀರಿನ ಮಾತು ಬಿಡಿ. ಆಫ್ ಆಗಿದ್ದೇನೆಂದು ತೋರಿಸುವ ಯಂತ್ರ ಪೂರ್ತಿ ಆಫ್ ಆಗಿರದೇ ಇರಬಹುದು, ಕೈಗೆ ಒಂದು ಸಲ ತಂಬಿಗೆ ಅದೃಷ್ಟಕ್ಕೆ ಸಿಕ್ಕಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಲ್ಲೆ. ಆದರೆ ಇರುವೆಗೆ ಹೆದರಿ ಗಿರಿಜಮ್ಮ ಬೆಲ್ಲದ ಅಚ್ಚನ್ನು ಅಟ್ಟದ ಮೇಲಿನ ಡಬ್ಬಿಯಲ್ಲಿಡುತ್ತಿದ್ದರು. ಸ್ಟೂಲು ಹತ್ತದೆ ನನಗೇ ಎಟುಕದು. ಅಚ್ಚು ಒಡೆಯಲು ಗುಂಡುಕಲ್ಲಿನಿಂದ ಕುಟ್ಟಬೇಕು, ಆ ಸದ್ದು ಹಿತ್ತಲಿಗೆ ಕೇಳದೇ ಇರದು. ನಾವು ಯಾವ ಸದ್ದನ್ನೂ ಕೇಳಲಿಲ್ಲ. ಶಾಂತಮ್ಮ ಈಗ ಕರೆಯದಿದ್ದರೂ ಬರುತ್ತಾರೆ. ಆ ಬೆಲ್ಲ ಒಡೆದವರು ಯಾರೆಂದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.