ಬಿತ್ತು, ಬೀಳಿಸಿದೆ

ನಾನು ಬೋಲಿಂಗ್‌ಬ್ರೂಕ್‌ನಲ್ಲಿ ಪಿಟೀಲು ರಿಪೇರಿ ಅಂಗಡಿ ತೆರೆದ ಆರನೇ ವರ್ಷ. ಜನವರಿ, ಹೊರಗೆ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಬೆಳಿಗ್ಗೆ ಒಂಬತ್ತಕ್ಕೆ ಮಿಸೆಸ್ ಹೋಲಿಸ್ ಬಂದರು. ಮೊದಲ ದಿನದಿಂದಲೂ ನನ್ನ ಗಿರಾಕಿ. ತಮ್ಮ ಆರ್ಕೆಸ್ಟ್ರಾ ಸೇರಿದ ಮೊದಲ ಆಫ್ರಿಕನ್-ಅಮೆರಿಕನ್ ಪಿಟೀಲುಗಾರ್ತಿ. ಮೂವತ್ತೊಂದು ವರ್ಷ ಹಿಂದಿನ ಸಾಲಿನಲ್ಲಿ ಕೂತು ನುಡಿಸಿದವರು. ಅಂದು ಸಂಜೆ ಹುಟ್ಟೂರು ಡೆಟ್ರಾಯಿಟ್‌ನಲ್ಲಿ ಮೊದಲ ಸಲ ಆರ್ಕೆಸ್ಟ್ರಾದ ಮುಂದೆ ಒಬ್ಬರೇ ನಿಂತು ನುಡಿಸುವವರಿದ್ದರು. ಮುನ್ನೂರು ಮೈಲಿ, ಅಲ್ಲಿನ ಗಡಿಯಾರ ಬೇರೆ ಒಂದು ಗಂಟೆ ಮುಂದೆ. ಹನ್ನೊಂದಕ್ಕೆ ಹೊರಟರೆ ಮಾತ್ರ ರಿಹರ್ಸಲ್‌ಗೆ ತಲುಪಬಹುದು.

"ತಂತಿಯ ಬಿರಡೆ ಜಾರುತ್ತಿದೆ. ಹತ್ತು ನಿಮಿಷದ ಕೆಲಸ ಅನ್ನು, ಸುಳ್ಳಾದರೂ ಸರಿ," ಎಂದರು.

ನಿಜಕ್ಕೂ ಹತ್ತೇ ನಿಮಿಷದ ಕೆಲಸ. ಮುಗಿಸಿದೆ. ಅವರು ಹೊರಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅಷ್ಟು ಒಳ್ಳೆಯ ವಾದ್ಯ ಕೈಯಲ್ಲಿತ್ತು, ನನ್ನದು ಮೈಸೂರಿನಲ್ಲಿ ಕಲಿತ ಕೈ. ನಾವು ನಾಲ್ಕೂ ತಂತಿ ತಗ್ಗಿಸಿ ಸ-ಪ-ಸ-ಪ ಶ್ರುತಿ ಮಾಡುತ್ತೇವೆ. ಒಂದು ಗೀತೆಯ ಮೊದಲ ಸಾಲು, ಅಷ್ಟೇ ಎಂದುಕೊಂಡು ತಗ್ಗಿಸಿದೆ. ಒಳಗೆ ಟಕ್ ಎಂದಿತು.

ಸೌಂಡ್ ಪೋಸ್ಟ್ ಎಂದರೆ ಪಿಟೀಲಿನ ಹೊಟ್ಟೆಯೊಳಗೆ ನಿಲ್ಲುವ ಎರಡಿಂಚಿನ ಮರದ ಕಡ್ಡಿ. ಅಂಟಿಲ್ಲ, ಮೊಳೆಯಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ಚಳಿಗೆ ಮರ ಒಣಗಿ ಮೊದಲೇ ಸಡಿಲವಾಗಿತ್ತು. ಇದ್ದ ಒತ್ತಡವನ್ನು ನಾನು ತೆಗೆದಿದ್ದೆ.

ಹೊರಗೆ ಹೋಗಿ, "ಪೋಸ್ಟ್ ಬಿತ್ತು," ಎಂದೆ.

ಅವರು ಕಪ್ ಕೆಳಗಿಟ್ಟರು. "ನನ್ನದೇ ತಪ್ಪು. ಕೇಸನ್ನು ಹೀಟರ್ ಪಕ್ಕ ಇಟ್ಟಿದ್ದೆ." ಆಮೇಲೆ, "ಆರ್ಕೆಸ್ಟ್ರಾದಲ್ಲಿ ಅಪಸ್ವರ ಕೇಳಿಸಿದಾಗಲೆಲ್ಲ ಎಲ್ಲರೂ ಮೊದಲು ನನ್ನ ಕಡೆ ತಿರುಗುತ್ತಿದ್ದರು. ಈಗ ನನಗೂ ಅದೇ ಅಭ್ಯಾಸವಾಗಿದೆ."

"ಇಲ್ಲ ಮೇಡಂ. ನಾನು ಬೀಳಿಸಿದೆ." ಹೇಗೆಂದೂ ಹೇಳಿದೆ.

"ನನ್ನ ಪಿಟೀಲಿನಲ್ಲಿ ನಿನ್ನೂರಿನ ಹಾಡು? ಚೆನ್ನಾಗಾದರೂ ಬಂತಾ?"

"ಶುರುವೇ ಆಗಲಿಲ್ಲ."

"ಹಾಗಾದರೆ ಕೆಲಸ ಶುರು ಮಾಡು."

ಬಾಗಿದ ಉಕ್ಕಿನ ಸಲಾಕೆಯ ತುದಿಗೆ ಪೋಸ್ಟ್ ಸಿಕ್ಕಿಸಿ, ಪಿಟೀಲಿನ ಮೈಮೇಲಿನ ಸೀಳಿನಿಂದ ಒಳಗೆ ನಿಲ್ಲಿಸಬೇಕು. ಕೂದಲೆಳೆಯಷ್ಟು ಸರಿದರೂ ದನಿ ಬೇರೆ. ಎರಡು ಸಲ ಬಿತ್ತು. ಅವರು ಪಕ್ಕದಲ್ಲೇ ನಿಂತಿದ್ದರು. ಮೂರನೇ ಸಲ ನಿಂತಿತು. ನುಡಿಸಿ ನೋಡಿ, "ನೆಗಡಿಯಾದ ಹಾಗಿದೆ," ಎಂದರು. ಸರಿಸಿದೆ. ಮತ್ತೆ ಸರಿಸಿದೆ. ಹನ್ನೊಂದಕ್ಕೆ ಎಂಟು ನಿಮಿಷವಿದ್ದಾಗ, "ಹಾಂ, ಇದು ನಾನು," ಎಂದು ಕೇಸು ಮುಚ್ಚಿದರು.

ಕಚೇರಿ ಮುಗಿದ ಮೇಲೆ ಡೆಟ್ರಾಯಿಟ್‌ನಿಂದ ಮೆಸೇಜ್ ಬಂತು: "ನಿಂತಿತ್ತು. ನಾನೂ ನಿಂತಿದ್ದೆ."

ಅವರು ತಮ್ಮನ್ನು ದೂರಿಕೊಳ್ಳುವ ಮೊದಲೇ ನಾನು ತಪ್ಪೊಪ್ಪಿಕೊಂಡೆ ಎಂದು ಬಹುಕಾಲ ನಂಬಿದ್ದೆ, ಕೇಳಿದವರಿಗೂ ಹಾಗೇ ಹೇಳಿದ್ದೆ. ಮೊನ್ನೆ ಡೈರಿ ತೆಗೆದೆ. ಮೊದಲು ಅವರ ಮಾತು, ಆಮೇಲೆ ನನ್ನದು: ಮೇಲೆ ಹೇಳಿದ ಈ ಕ್ರಮ ಡೈರಿಯದು. ಅಲ್ಲೂ "ಬಿತ್ತು" ಎಂದು ಬರೆದು, ಹೊಡೆದುಹಾಕಿ, ಬೇರೆ ಶಾಯಿಯಲ್ಲಿ "ಬೀಳಿಸಿದೆ" ಎಂದಿದೆ. ಯಾವತ್ತು ತಿದ್ದಿದೆನೋ ನೆನಪಿಲ್ಲ. ಈಗ ಅಂಗಡಿಯ ಪುಸ್ತಕದಲ್ಲಿ ಒಡೆಯಿತು, ಸಡಿಲಾಯಿತು, ಬಿತ್ತು ಎಂದು ಬರೆಯುವ ಮೊದಲು ಪೆನ್ನು ನಿಲ್ಲಿಸಿ ಕೇಳಿಕೊಳ್ಳುತ್ತೇನೆ: ಯಾರ ಕೈಯಲ್ಲಿ?