ಚೌಕಾಸಿಗೆ ಜಗ್ಗದ ಕಂಪ್ಯೂಟರ್

ಹಳೆಯ ಕುರ್ಚಿ, ಮೇಜು ಮಾರುವ ಅವನಿಗೆ ಬೀದಿಯವರಿಟ್ಟ ಹೆಸರು ಚೌಕಾಸಿ. ಕುಂಟುವ ಮೇಜನ್ನೂ "ಇದು ಬಗ್ಗಿ ನಮಸ್ಕಾರ ಮಾಡುತ್ತೆ ಸ್ವಾಮಿ" ಎಂದು ಸಾಗಹಾಕುವ ಜಾಣ. ಮೊದಲ ಮಾತಿಗೇ ನಿಜ ಹೇಳುವವನು ವ್ಯಾಪಾರಿಯೇ ಅಲ್ಲ ಎಂಬುದು ಅವನ ನಂಬಿಕೆ. ಆ ನಂಬಿಕೆ ಅಂಗಡಿಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ತನಗೆ ಎಚ್‌ಐವಿ ಇದೆಯೆಂದು ಗೊತ್ತಾದ ಮೇಲೂ ಆಸ್ಪತ್ರೆಯ ನರ್ಸಮ್ಮನಿಗೆ ಅವನು ಅದೇ ಸರಕು ಮಾರುತ್ತಿದ್ದ.

"ಮಾತ್ರೆ ತಪ್ಪಿಸ್ತಿಲ್ಲ ತಾನೇ?"

"ಛೆ ಛೆ! ಊಟ ತಪ್ಪಿದ್ರೂ ಮಾತ್ರೆ ತಪ್ಪಲ್ಲ ಅಕ್ಕಾ."

ಒಂದು ದಿನ ಆಕೆ ಅವನನ್ನು ಮೂಲೆಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಬಾಗಿಲೆಳೆದುಕೊಂಡು ಹೋದಳು. ಹೆಣ್ಣುದನಿಯೊಂದು ಕೇಳಿತು: ಮಾತ್ರೆ ತಪ್ಪಿಸುತ್ತೀರಾ? ತೆರೆಯ ಮೇಲಿನ ಉತ್ತರಗಳಲ್ಲಿ 'ಎಂದೂ ಇಲ್ಲ' ಎಂಬುದನ್ನು ಒತ್ತಿದ. ದನಿ ಹಿಗ್ಗಲಿಲ್ಲ, ಸಿಡುಕಲಿಲ್ಲ. ಸ್ವಲ್ಪ ಹೊತ್ತಿಗೆ ಅದನ್ನೇ ಬೇರೆ ಬಗೆಯಲ್ಲಿ ಕೇಳಿತು. ಗಿರಾಕಿ ಮುಖ ಬದಲಿಸದೆ ಮತ್ತೆ ದರ ಕೇಳಿದರೆ ತುಸು ಇಳಿಯಬೇಕು; ಪಳಗಿದ ಕೈ ತಾನಾಗಿ 'ಅಪರೂಪಕ್ಕೆ' ಎನ್ನುವಲ್ಲಿಗೆ ಇಳಿಯಿತು. ದನಿ ಮತ್ತೆ ಕೇಳಿತು. 'ಆಗಾಗ' ಎಂದು ಒತ್ತಿ, ಬೆಚ್ಚಿಬಿದ್ದ. ಅಸಲು ದರ ಬಾಯಿಬಿಟ್ಟಾಗಿತ್ತು!

ಯಾಕೆ ತಪ್ಪುತ್ತದೆ? 'ಪಕ್ಕದಲ್ಲಿ ಯಾರೋ ಇರುತ್ತಾರೆ.'

ಆ ಯಾರೋ ಎಂದರೆ ಎದುರಿನ ಗುಂಡಿ-ದಾರದ ಅಂಗಡಿಯಾಕೆ, ಬಾಗಿಲ ಮೇಲೆ 'ಒಂದೇ ದರ' ಎಂದು ಬೋರ್ಡು ಬರೆಸಿಕೊಂಡವಳು. ಸಂಜೆ ಅವಳು ಚಹಾಕ್ಕೆ ಬಂದು ಕೂರುವ ಹೊತ್ತಿಗೇ ಇವನ ಮೊಬೈಲು ಮಾತ್ರೆಯ ಗಂಟೆ ಹೊಡೆಯುತ್ತಿತ್ತು. ಅವನು ಅದರ ಬಾಯಿ ಮುಚ್ಚಿಸುತ್ತಿದ್ದ. ಇಬ್ಬರ ನಡುವೆ ಮದುವೆಯ ಮಾತು ಆಗಿತ್ತು, ಈ ಕಾಯಿಲೆಯ ಮಾತು ಮಾತ್ರ ಆಗಿರಲಿಲ್ಲ.

ಅವರು ನಿಮಗೇನಾಗಬೇಕು? 'ಮದುವೆಯಾಗುವವಳು.' ಅವರಿಗೆ ಹೇಳುತ್ತೀರಾ? 'ಮುಂದೆ ನೋಡೋಣ.' ಮದುವೆಗೆ ಮುಂಚೆಯೋ, ಆಮೇಲೋ? 'ಮುಂಚೆ.' ಯಾವ ದಿನ?

"ನಿನ್ನಜ್ಜಿ! ಯಾವ ಪೇಟೆಯಲ್ಲಿ ಪಳಗಿದವಳಮ್ಮಾ ನೀನು?" ಎಂದ. ದನಿ ಮತ್ತೆ ಕೇಳಿತು: ಯಾವ ದಿನ? 'ಇಂದು' ಎಂದು ಒತ್ತಿದ.

ಸಂಜೆ ಗಂಟೆ ಹೊಡೆಯಿತು. ಅವಳೆದುರಿಗೇ ಮಾತ್ರೆ ನುಂಗಿ, ನೀರು ಕುಡಿದು, ಎಲ್ಲವನ್ನೂ ಹೇಳಿಬಿಟ್ಟ. ಚಹಾ ಆರಿತು.

"ಇದನ್ನ ಮುಚ್ಚಿಟ್ಟೇ ಮದುವೆ ಆಗ್ಬೇಕು ಅಂತಿದ್ಯಾ?"

"ಬೆಳಿಗ್ಗೆವರೆಗೂ ಹಾಗೇ ಅಂದ್ಕೊಂಡಿದ್ದೆ."

"ಇದು ಅಸಲು ದರಾನಾ, ಇನ್ನೂ ಇಳಿಯೋದಿದ್ಯಾ?"

"ಅಸಲು. ಬೇಕಾದ್ರೆ ಆಸ್ಪತ್ರೆಗೇ ಬಂದು ಕೇಳು."

ಬಿಟ್ಟಾಳೆಯೇ? ಮರುದಿನ ಅಂಗಡಿ ತೆರೆಯದೆ ಅವನೊಂದಿಗೇ ಆಸ್ಪತ್ರೆಗೆ ಬಂದು, ನರ್ಸಮ್ಮನನ್ನು ಕೆದಕಿ ಕೆದಕಿ ಕೇಳಿದಳು. ಮಾತ್ರೆ ತಪ್ಪದೆ ನುಂಗಿ, ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೇ ಉಳಿದರೆ, ಕೂಡುವುದರಿಂದ ಅವಳಿಗೆ ಅಂಟದು; ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು ಎಂದು ತಿಳಿಯಿತು.

"ಅಲ್ಲೀವರೆಗೆ ಮದುವೇನೇ ಬೇಡ" ಎಂದಳು.

ಆಮೇಲೆ ಎಂದಂತಾಯಿತಲ್ಲ! ಚೌಕಾಸಿಯ ಮುಖ ಅರಳಿತು. "ಒಂದೆರಡು ವಾರ ಮುಂಚೆ ಆದ್ರೆ..."

"ನನ್ನ ಬೋರ್ಡು ಓದಿಲ್ವಾ?"

ಈಗ ಸಂಜೆ ಗಂಟೆ ಹೊಡೆದರೆ ಸಾಕು, ಎದುರಂಗಡಿಯಿಂದ ಕೂಗು ಬರುತ್ತದೆ: "ಏಯ್, ನೀರು ಕುಡಿದ್ಯಾ?" ಕುಡಿದೆ ಎಂದರೆ ನಂಬುವುದಿಲ್ಲ, ಬಂದು, ಬಾಯಿ ತೆರೆಸಿ ನೋಡಿಯೇ ಚಹಾಕ್ಕೆ ಕೂರುತ್ತಾಳೆ. ಇವನಿಗೆ ಅದೆಂಥ ಬಾಯಾರಿಕೆಯೋ ಎಂದು ಬೀದಿಗೆಲ್ಲ ಸೋಜಿಗ.