ಎರಡು ಹಾಲಿನ ನಡುವಿನ ಹಗಲು

ನಮ್ಮ ದೊಡ್ಡಮ್ಮ ತ್ಯಾಗಮಯಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದೇ ನನ್ನ ಚಟ ಎಂಬುದು ಅವರ ವಾದ. ಹೈಸ್ಕೂಲಿನಿಂದ ಕಾಲೇಜಿನವರೆಗೆ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಟೀವಿ ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿವೆಯಲ್ಲ, ಅವನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಇರಲಿ. ಎದುರು ಪಕ್ಷದ ಮಾತನ್ನು ಮೊದಲು ನ್ಯಾಯವಾಗಿ ಹೇಳಿ ಆಮೇಲೆ ಕೆಡವಬೇಕು ಅಂತ ನನಗೆ ಕಲಿಸಿದ್ದಾರೆ. ಹಾಗೇ ಮಾಡುತ್ತೇನೆ.

ಬೂದಿಕೋಟೆ ಪಕ್ಕದ ಹಳ್ಳಿ ನಮ್ಮದು. ದೊಡ್ಡಪ್ಪ, ಚಿಕ್ಕಪ್ಪ, ನಮ್ಮಪ್ಪ, ಮೂವರ ಸಂಸಾರಗಳೂ ಒಂದೇ ಅಂಗಳಕ್ಕೆ ಬಾಗಿಲು ತೆರೆಯುತ್ತವೆ. ಎಲ್ಲರಿಗೂ ಸೇರಿ ಒಂದು ಸೀಮೆ ಹಸು. ಅದಕ್ಕೆ ಮೇವು ಯಾರು ಹಾಕಿದರೂ ಆದೀತು, ಹಾಲು ಮಾತ್ರ ದೊಡ್ಡಮ್ಮನ ಕೈಗೇ ಬಿಡುತ್ತದೆ. ಬೇರೆ ಯಾರು ಕೆಚ್ಚಲು ಮುಟ್ಟಿದರೂ ಒದೆ. ಬೆಳಿಗ್ಗೆ ಒಂದು ಹಾಲು, ಸಂಜೆ ಒಂದು ಹಾಲು ಡೈರಿಗೆ ಹೋಗಲೇಬೇಕು. ಹಾಗಾಗಿ ಪ್ರತಿ ಬೇಸಿಗೆಯಲ್ಲಿ ಒಂದು ಭಾನುವಾರ ಮನೆಮಂದಿಯೆಲ್ಲ ಸುತ್ತಾಡಲು ಹೊರಟಾಗ ದೊಡ್ಡಮ್ಮ ಮನೆಯಲ್ಲೇ ಉಳಿಯುತ್ತಾಳೆ. ಕೋಳಿ ಕೂಗುವ ಮೊದಲೇ ಎದ್ದು ಪುಳಿಯೋಗರೆ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಡಬ್ಬಿಗಳಿಗೆ ತುಂಬಿ ಗಾಡಿಗೇರಿಸಿ, ಬಾಗಿಲಲ್ಲಿ ನಿಂತು ಕೈ ಬೀಸುತ್ತಾಳೆ. ಅಲ್ಲಿ ಹೋಗಿ ಡಬ್ಬಿ ಬಿಚ್ಚುವ ಮೊದಲು ದೊಡ್ಡಪ್ಪ ಒಂದು ಸಣ್ಣ ಭಾಷಣ ಮಾಡುತ್ತಾನೆ. ನಮ್ಮ ಸಂತೋಷಕ್ಕಾಗಿ ಅವಳು ತನ್ನ ಸಂತೋಷ ಬಿಟ್ಟಿದ್ದಾಳೆ, ಇಂಥ ಹೆಂಗಸು ಸಿಗುವುದು ನಮ್ಮ ಪುಣ್ಯ, ಇತ್ಯಾದಿ. ಕೇಳಿದವರ ಕಣ್ಣು ತೇವವಾಗುತ್ತದೆ. ಆಮೇಲೆ ಪುಳಿಯೋಗರೆ ಖಾಲಿಯಾಗುತ್ತದೆ.

ದೊಡ್ಡಪ್ಪನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವನ ಫೋನಿನ ಸ್ಟೇಟಸ್ಸಿನಲ್ಲಿ ದಿನಾ ಬೆಳಿಗ್ಗೆ ಹಬೆಯಾಡುವ ಒಂದು ಕಪ್ ಟೀ, ಪಕ್ಕದಲ್ಲಿ ಒಂದು ಗುಲಾಬಿ. ಕೆಳಗೆ, ಸಣ್ಣ ಸಣ್ಣ ಸಂಗತಿಗಳಲ್ಲಿ ಸಂತೋಷ ಹುಡುಕಿ ಎಂಬ ಉಪದೇಶ. ನಾನು ಗಮನಿಸಿದ್ದೇನೆ, ಸಣ್ಣ ಸಂತೋಷದ ಬಗ್ಗೆ ಊರಿಗೆಲ್ಲ ಹೇಳುವವರು ಆ ಚಿತ್ರದಲ್ಲಿರುವ ಕಪ್ಪನ್ನು ಆಮೇಲೆ ಯಾರು ತೊಳೆದರು ಅಂತ ಎಂದೂ ಹೇಳುವುದಿಲ್ಲ.

ಸುತ್ತಾಟಕ್ಕೆ ಹೋಗುವುದಾದರೂ ಎಲ್ಲಿಗೆ? ಕೆಜಿಎಫ್‌ಗೆ. ನಾನು ವಾರಕ್ಕೆ ಆರು ದಿನ ಕೆಲಸಕ್ಕೆ ಹೋಗುವುದೂ ಅಲ್ಲಿಗೇ. ರಾಬರ್ಟ್‌ಸನ್‌ಪೇಟೆಯ ಒಂದು ಟ್ಯೂಷನ್ ಸೆಂಟರಿನಲ್ಲಿ ಪರೀಕ್ಷೆ ಕಟ್ಟುವವರಿಗೆ ಪಾಠ ಹೇಳುತ್ತೇನೆ. ಹಳ್ಳಿಯಿಂದ ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಏಳನೆಯ ದಿನ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು, ನೋಡು ನೋಡು ಕೆಜಿಎಫ್ ಬಂತು ಅಂತ ತೋರಿಸುತ್ತಾರೆ. ಅಲ್ಲಿಯ ಬಿಳಿ ಮಣ್ಣಿನ ಗುಡ್ಡಗಳು ಗಣಿಯಿಂದ ಚಿನ್ನ ತೆಗೆದು ಬಿಸಾಕಿದ ಕಸ. ಜನ ಈಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚಿನ್ನ ತಗೊಂಡವರು ಯಾರೋ, ಕಸದ ಮುಂದೆ ನಗುವವರು ನಾವು. ನನಗೆ ಆ ಊರಿನಲ್ಲಿ ಇಷ್ಟವಾದದ್ದು ಬೇರೆ. ನಮ್ಮ ಸೆಂಟರಿನ ಕೆಳಗಡೆ ಟೀ ಅಂಗಡಿಯವನು ತಮಿಳಿನಲ್ಲಿ ಬೈದು, ತೆಲುಗಿನಲ್ಲಿ ಆರ್ಡರ್ ತಗೊಂಡು, ಲೋಟ ಮಾತ್ರ ಕನ್ನಡದಲ್ಲಿ ವಾಪಸ್ಸು ಕೇಳುತ್ತಾನೆ. ಅದು ನನ್ನ ದಿನದ ಸಣ್ಣ ಸಂತೋಷ. ಅದನ್ನು ನಾನು ಸ್ಟೇಟಸ್ಸಿಗೆ ಹಾಕಿಲ್ಲ.

ಈಗ ನನ್ನ ಪಕ್ಷ. ಹೋದ ವರ್ಷ ಸುತ್ತಾಟದ ಭಾನುವಾರವೇ ಸೆಂಟರಿನಲ್ಲಿ ವಿಶೇಷ ಕ್ಲಾಸು ಬಿತ್ತು. ನಾನು ಹೋಗಲಿಲ್ಲ, ಅಂದರೆ ಕೆಜಿಎಫ್‌ಗೆ ಹೋದೆ, ಆದರೆ ಸುತ್ತಾಡಲು ಹೋಗಲಿಲ್ಲ. ಕ್ಲಾಸು ಮುಗಿಸಿ ಮಧ್ಯಾಹ್ನ ಬಂಗಾರಪೇಟೆಯಲ್ಲಿ ಇಳಿದೆ. ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊಟ್ಟೆ ಹಸಿದಿತ್ತು. ಬಂಗಾರಪೇಟೆಯಲ್ಲಿ ಹಸಿದವರು ಪಾನಿಪೂರಿ ತಿನ್ನಬೇಕು, ಅದು ಅಲ್ಲಿಯ ಅಲಿಖಿತ ಕಾನೂನು. ಬೇರೆ ಕಡೆ ಪಾನಿ ಹಸಿರಾಗಿರುತ್ತದೆ. ಇಲ್ಲಿಯದು ಬರೀ ನೀರಿನ ಹಾಗೆ ತಿಳಿ, ಬಾಯಿಗೆ ಬಿದ್ದಮೇಲೆ ಕಣ್ಣಲ್ಲಿ ನೀರು. ಮಧ್ಯಾಹ್ನಕ್ಕೇ ತೆರೆಯುವ ಒಂದು ಸಣ್ಣ ಅಂಗಡಿಯ ಒಳಗೆ ಹೋದೆ. ಗೋಡೆ ಪಕ್ಕದ ಬೆಂಚಿನ ಮೇಲೆ, ಫ್ಯಾನಿನ ನೇರ ಕೆಳಗೆ, ಕನಕಾಂಬರ ಮುಡಿದು, ಒಳ್ಳೆಯ ಸೀರೆ ಉಟ್ಟು, ಪೂರಿಯೊಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ್ದವಳು ನಮ್ಮ ತ್ಯಾಗಮಯಿ.

ಕಣ್ಣು ಬಿಟ್ಟವಳು ನನ್ನನ್ನು ಕಂಡಳು. ಬೆಚ್ಚಲಿಲ್ಲ. ಬಾಯಲ್ಲಿದ್ದದ್ದು ಮುಗಿಯುವ ತನಕ ನನ್ನನ್ನು ಕಾಯಿಸಿ, ಪಕ್ಕದಲ್ಲಿ ಜಾಗ ಮಾಡಿದಳು.

"ಕುಂತ್ಕೋ. ಮಸಾಲೆಪೂರಿನೂ ಚೆನ್ನಾಗ್ ಅದೆ ಇಲ್ಲಿ."

ಆ ದಿನ ಅವಳು ಹೇಳಿದ್ದನ್ನೆಲ್ಲ ಸೇರಿಸಿ ಹೇಳುತ್ತೇನೆ. ಎಷ್ಟೋ ವರ್ಷದಿಂದ ಇದು ನಡೆದಿದೆಯಂತೆ. ಗಾಡಿ ಊರು ದಾಟಿದ ತಕ್ಷಣ ಬಾಗಿಲು ಹಾಕಿ, ಹಂಡೆ ತುಂಬ ನೀರು ಕಾಯಿಸಿಕೊಂಡು, ಯಾರೂ ಬಾಗಿಲು ಬಡಿಯದ ಸ್ನಾನ. ಆಮೇಲೆ ಬಸ್ಸು, ಕಿಟಕಿ ಪಕ್ಕದ ಸೀಟು. ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿಯುತ್ತ ಬರುವ ಹೋಗುವ ರೈಲುಗಳನ್ನು ನೋಡುವುದು. ಯಾವ ರೈಲನ್ನೂ ಹತ್ತುವುದಿಲ್ಲ. ಜನ ಓಡುವುದನ್ನು, ಸಾಮಾನು ಮರೆಯುವುದನ್ನು, ಮರೆತದ್ದಕ್ಕೆ ಹೆಂಡತಿಯನ್ನು ಬೈಯುವುದನ್ನು ನೋಡುವುದು. ಆಮೇಲೆ ಪಾನಿಪೂರಿ. ಆಮೇಲೆ ಮನೆಗೆ ಬಂದು ಹೊಂಗೆ ಮರದ ಕೆಳಗೆ ಮಂಚ ಎಳೆದು ನಿದ್ದೆ. ಸಂಜೆ ಹಾಲಿಗೆ ಎದ್ದರೆ ಸಾಕು. ಇಡೀ ಹಗಲು, ಮಧ್ಯಾಹ್ನಕ್ಕೆ ಏನು ಅಡುಗೆ ಅಂತ ಒಬ್ಬರೂ ಕೇಳುವುದಿಲ್ಲ. ಅದನ್ನು ಹೇಳುವಾಗ ಅವಳ ಮುಖ ಹೇಗಿತ್ತೆಂದರೆ, ದೊಡ್ಡಪ್ಪನ ಸ್ಟೇಟಸ್ಸಿನ ಗುಲಾಬಿಗಳನ್ನೆಲ್ಲ ಒಟ್ಟುಗೂಡಿಸಿದರೂ ಅಷ್ಟು ಕೆಂಪಾಗುತ್ತಿರಲಿಲ್ಲ.

ಇದನ್ನು ಯಾಕೆ ಯಾರಿಗೂ ಹೇಳಿಲ್ಲ ಅಂತ ಕೇಳಿದೆ. ಎಲ್ಲರೂ ಖುಷಿಪಡುತ್ತಿದ್ದರಲ್ಲ, ಯಾರಾದರೂ ಬೇಡ ಅನ್ನುತ್ತಿದ್ದರೇ?

"ಯಾರೂ ಬ್ಯಾಡ ಅನ್ನಲ್ಲ ಕಣೇ. ಅದೇ ಬಯ. ಗೊತ್ತಾದ್ರೆ ಅವ್ರೂ ಬತ್ತಾರೆ."

ನಾನು ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಈ ವರ್ಷ ಮೇ ತಿಂಗಳಿಗೆ ತಾಯಂದಿರ ದಿನ ಅನ್ನುವುದೊಂದು ಫೋನಿನ ದಾರಿಯಲ್ಲಿ ನಮ್ಮ ಹಳ್ಳಿಗೂ ಬಂತು. ದೊಡ್ಡಮ್ಮನ ಮಗ, ನಮ್ಮ ಅಣ್ಣ, ಗೂಡ್ಸ್ ಟೆಂಪೋ ಓಡಿಸುತ್ತಾನೆ, ನಮ್ಮ ಸುತ್ತಾಟದ ಗಾಡಿಯೂ ಅದೇ. ತರಕಾರಿ ಮಂಡಿಯಲ್ಲಿ ಲೋಡಿಗೆ ಕಾಯುತ್ತ ಕೂತಾಗ ಯಾರೋ ಕಳಿಸಿದ ವಿಡಿಯೋ ನೋಡಿ ಅತ್ತನಂತೆ. ಅದೇ ಸಂಜೆ ಬಂದು ಅಂಗಳದಲ್ಲಿ ನಿಂತು, ಈ ಸಲ ಅಮ್ಮನನ್ನು ಬಿಟ್ಟು ಗಾಡಿ ಹೊರಡುವುದಿಲ್ಲ ಎಂದು ಘೋಷಿಸಿದ. ದೊಡ್ಡಮ್ಮ ಒಂದು ಮೂಲೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಕುಟ್ಟುವ ಸದ್ದು ನಿಂತಿತು. ತಲೆಯೆತ್ತಿ ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಸರಿ, ಎದ್ದೆ. ಹೆಣ್ಣು ಅಡುಗೆಮನೆಗೆ ಸೀಮಿತವಲ್ಲ ಎಂಬ ವಿಷಯದ ಮೇಲೆ ಜಿಲ್ಲಾ ಮಟ್ಟದಲ್ಲಿ ಕಪ್ ಗೆದ್ದ ನಾನು, ನಮ್ಮ ದೊಡ್ಡಮ್ಮ ಮನೆಯಲ್ಲೇ ಇದ್ದು ಹಸು ನೋಡಿಕೊಳ್ಳಬೇಕು ಎಂಬ ಪಕ್ಷ ಹಿಡಿದು ಅರ್ಧ ಗಂಟೆ ಮಾತಾಡಿದೆ. ಕೆಚ್ಚಲು ಬಾವಿನ ಬಗ್ಗೆ ಹೇಳಿದೆ. ಬಿಸಿಲಿನ ಬಗ್ಗೆ, ದೊಡ್ಡಮ್ಮನ ಮಂಡಿ ನೋವಿನ ಬಗ್ಗೆ, ಒಂದು ಹೊತ್ತಿನ ಹಾಲು ತಪ್ಪಿದರೆ ಡೈರಿಯಲ್ಲಿ ನಮ್ಮ ಹೆಸರಿನ ಬಗ್ಗೆ. ನಿಜವಾದ ಒಂದೇ ಒಂದು ವಾದವಿತ್ತು, ಅದನ್ನು ಮಾತ್ರ ಬಾಯಿ ಬಿಡುವಂತಿರಲಿಲ್ಲ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. ಚಿಕ್ಕಮ್ಮ, ಇವಳಿಗೆ ಗಂಡು ನೋಡುವ ಕಾಲ ಬಂತು, ಬುದ್ಧಿ ಸರಿಹೋಗಿದೆ ಎಂದಳು. ದೊಡ್ಡಪ್ಪ ಮಾತ್ರ ನನ್ನದೇ ಹಳೆಯ ಭಾಷಣಗಳಿಂದ ಒಂದು ಮಾತು ಹೆಕ್ಕಿ ನನ್ನ ಮೇಲೇ ಎಸೆದ.

"ಏನಮ್ಮಾ ಲಾಯರಮ್ಮ, ನಿಮ್ ದೊಡ್ಡಮ್ಮ ಏನು ಈ ಮನೇ ಆಳಾ?"

ಇದಕ್ಕೆ ಉತ್ತರ ಹೌದು. ಆದರೆ ಆ ಉತ್ತರದಿಂದ ಆ ದಿನ ನನ್ನ ಪಕ್ಷಕ್ಕೆ ಲಾಭವಿರಲಿಲ್ಲ. ಕೂತೆ.

ಉಳಿದಿದ್ದ ಒಂದೇ ಆಸೆ ಹಸು. ಅದು ಬೇರೆಯವರಿಗೆ ಹಾಲು ಬಿಡದಿದ್ದರೆ ದೊಡ್ಡಮ್ಮನ ದಿನ ಉಳಿಯುತ್ತಿತ್ತು. ಆದರೆ ನಮ್ಮ ಕಡೆ ಒಂದು ಉಪಾಯ ಚಾಲ್ತಿಯಲ್ಲಿದೆ. ಹಸು ಹೆಂಗಸಿನ ಕೈಗೆ ರೂಢಿಯಾಗಿದ್ದರೆ, ಗಂಡಸು ಅವಳ ಸೀರೆ ಉಟ್ಟು ಕರೆಯಲು ಕೂರುತ್ತಾನೆ. ಚಿಕ್ಕಪ್ಪ ತಾನು ಉಳಿಯುತ್ತೇನೆ ಎಂದು ಮುಂದೆ ಬಂದ. ಕೆಜಿಎಫ್ ಗುಡ್ಡಗಳಿಂದ ತಪ್ಪಿಸಿಕೊಳ್ಳುವ ಅವಕಾಶಕ್ಕೆ ಅವನೂ ಬಹಳ ವರ್ಷದಿಂದ ಕಾಯುತ್ತಿದ್ದ ಅಂತ ನನ್ನ ಅನುಮಾನ. ಭಾನುವಾರಕ್ಕೆ ಮುಂಚೆ ಒಂದು ಸಂಜೆ ಪರೀಕ್ಷೆ ಇಟ್ಟರು. ಪಂಚೆಯ ಮೇಲೆ ದೊಡ್ಡಮ್ಮನ ಸೀರೆ ಸುತ್ತಿಕೊಂಡು, ಮೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕೈಗೆ ಹೆಂಡತಿಯ ಬಳೆ ತುರುಕಿಕೊಂಡು ಚಿಕ್ಕಪ್ಪ ಕೊಟ್ಟಿಗೆಗೆ ನಡೆದ. ನೆರೆಹೊರೆಯವರು ಗೋಡೆ ಹತ್ತಿ ಕೂತಿದ್ದರು. ಯಾರೋ ಶಿಳ್ಳೆ ಹಾಕಿದರು. ನಾಚಿಕೋಬೇಡಮ್ಮಾ ಅಂತ ಇನ್ಯಾರೋ ಧೈರ್ಯ ಹೇಳಿದರು. ಹಸು ಕತ್ತು ತಿರುಗಿಸಿ, ಸೀರೆ ಮೂಸಿ, ಬೂಸಾ ಬಕೆಟ್ಟಿಗೆ ಬಾಯಿ ಹಾಕಿತು. ಹಾಲು ಬಿತ್ತು. ನಾನು ಬಹಳ ತೀರ್ಪುಗಾರರನ್ನು ಕಂಡಿದ್ದೇನೆ. ಕೆಲವರು ನಿದ್ದೆ ಮಾಡಿದ್ದಾರೆ, ಕೆಲವರು ಸಂಘಟಕರ ಮಗಳಿಗೇ ಬಹುಮಾನ ಕೊಟ್ಟಿದ್ದಾರೆ. ಆದರೆ ಬರೀ ಬಟ್ಟೆ ನೋಡಿ ತೀರ್ಪು ಕೊಟ್ಟದ್ದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇನ್ನು ಮೇಲೆ ಪ್ರತಿ ವರ್ಷವೂ ಅವಳು ಬರುತ್ತಾಳೆ ಎಂದು ದೊಡ್ಡಪ್ಪ ಅಲ್ಲೇ ತೀರ್ಮಾನ ಹೇಳಿಬಿಟ್ಟ. ಒಂದು ಭಾನುವಾರವಲ್ಲ, ಮುಂದಿನ ಎಲ್ಲ ಭಾನುವಾರಗಳೂ ಹೋದವು.

ತಾಯಂದಿರ ದಿನ ತಾಯಿ ಎಂದಿನ ಹಾಗೇ ಕೋಳಿ ಕೂಗುವ ಮೊದಲೇ ಎದ್ದು ಪುಳಿಯೋಗರೆ ಕಲಸಿದಳು. ಪ್ರತಿ ವರ್ಷ ಅದೊಂದೇ ಬರುತ್ತಿತ್ತು, ಈ ಸಲ ಬಡಿಸುವವಳೂ ಜೊತೆಗೆ ಬಂದಳು. ಬದಲಾದದ್ದು ಅಷ್ಟೇ. ಅಣ್ಣ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದಾರಿಯುದ್ದಕ್ಕೂ ಖುಷಿನಾ ಅಮ್ಮ ಅಂತ ಕೇಳುತ್ತ ಬಂದ. ಅವಳು ಪ್ರತಿ ಸಲವೂ ಹ್ಞೂಂ ಅನ್ನಬೇಕಾಗಿತ್ತು. ಕೆಜಿಎಫ್‌ನಲ್ಲಿ ನಂದಿದುರ್ಗ ಅನ್ನುವ ಹಳೆಯ ಗಣಿಯ ಕಡೆ ಇಳಿದೆವು. ಬಿಳಿ ಗುಡ್ಡದ ಮುಂದೆ ಅವಳನ್ನು ನಿಲ್ಲಿಸಿ ಎಲ್ಲರೂ ಸರದಿಯ ಮೇಲೆ ಫೋಟೋ ತೆಗೆಸಿಕೊಂಡರು. ಗಾಳಿ ಎದ್ದು ಪುಳಿಯೋಗರೆಯ ಮೇಲೆ ತೆಳ್ಳಗೆ ಬಿಳಿ ಧೂಳು ಕೂತಿತು. ದೊಡ್ಡಪ್ಪ ಭಾಷಣಕ್ಕೆ ಎದ್ದು ನಿಂತವನು ತಡವರಿಸಿದ. ತ್ಯಾಗ ಮಾಡಿದವಳು ಎದುರಿಗೇ ಸೌಟು ಹಿಡಿದು ನಿಂತಿದ್ದರೆ ತ್ಯಾಗದ ಬಗ್ಗೆ ಮಾತಾಡುವುದು ಕಷ್ಟ. ಸ್ವಲ್ಪ ಉಪ್ಪಿನಕಾಯಿ ಹಾಕು ಎಂದು ಕೂತುಬಿಟ್ಟ.

ಊಟವಾದ ಮೇಲೆ ಗಂಡಸರು ಟವೆಲ್ ಹಾಸಿ ಮಲಗಿದರು. ದೊಡ್ಡಮ್ಮ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಗಣಿ ಕಾರ್ಮಿಕರಿದ್ದ ಹಳೆಯ ಲೈನ್ ಮನೆಗಳ ಸಾಲಿನಲ್ಲಿ, ಒಂದು ಮನೆಯ ಮೆಟ್ಟಿಲ ಮೇಲೆ, ಒಬ್ಬ ಮುದುಕಿಯ ಪಕ್ಕ ಕೂತು ಅವಳು ತಮಿಳಿನಲ್ಲಿ ಮಾತಾಡುತ್ತಿದ್ದಳು. ನಮ್ಮ ದೊಡ್ಡಮ್ಮನಿಗೆ ತಮಿಳು ಬರುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕಲಿತಳೋ ಏನೋ. ಇಬ್ಬರೂ ಯಾರನ್ನೋ ಆಡಿಕೊಂಡು ನಗುತ್ತಿದ್ದರು. ನಮ್ಮ ಮನೆಯವರು ಮಲಗಿದ್ದ ಕಡೆ ಕೈ ತೋರಿಸಿದ್ದರಿಂದ ಯಾರನ್ನು ಅಂತ ಅಂದಾಜಾಯಿತು. ಒಂದು ಕ್ಷಣ, ಪರವಾಗಿಲ್ಲ, ಇಲ್ಲೂ ತನ್ನ ಪಾಲು ತಾನು ಹುಡುಕಿಕೊಂಡಳು ಎಂದುಕೊಂಡೆ. ತಕ್ಷಣ ನನ್ನ ಮೇಲೇ ಅನುಮಾನ ಬಂತು. ಸಣ್ಣದರಲ್ಲಿ ಸಂತೋಷ ಕಂಡಳು ಎಂದು ನಾನೂ ಸಮಾಧಾನ ಮಾಡಿಕೊಂಡರೆ ದೊಡ್ಡಪ್ಪನ ಸ್ಟೇಟಸ್ಸಿಗೂ ನನಗೂ ಏನು ವ್ಯತ್ಯಾಸ? ಅಷ್ಟರಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಅವಳು ಎದ್ದು ಸೀರೆ ಕೊಡವಿಕೊಂಡಳು.

ವಾಪಸ್ಸು ಬರುವಾಗ ಗಾಡಿಯ ಹಿಂದೆ ಚಿಕ್ಕಮ್ಮ ನನ್ನ ಪಕ್ಕ ಕೂತಳು. ಗಂಡನ ಸೀರೆ ವೇಷದ ಕಥೆಯನ್ನು ಮತ್ತೆ ಹೇಳಿ ನಗುತ್ತಿದ್ದವಳು, ಮಾತಿನ ನಡುವೆ ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದಳು.

"ಅವ್ರು ಬೀರುನಾಗಿಂದ ಒಗೆದಿಟ್ಟಿದ್ ಸೀರೆ ತಗೊಂಡ್ ಓಗ್ತಿದ್ರು ಕಣೇ. ಅಕ್ಕನೇ ಕೂಗಿ ನಿಲ್ಸುದ್ರು. ಅದ್ರಾಗೆ ಸೋಪಿನ ವಾಸನೆ ಅದೆ, ಒದ್ದುಬಿಡ್ತದೆ ಅಂತ, ಒಳಗೋಗಿ ಉಟ್ಟಿದ್ದನ್ನೇ ಬಿಚ್ಚಿ ತಂದುಕೊಟ್ರು."

ನನ್ನ ಇಡೀ ವಾದ ನಿಂತದ್ದು ಒಂದೇ ಕಂಬದ ಮೇಲೆ, ದೊಡ್ಡಮ್ಮನಿಗೆ ಬರಲು ಇಷ್ಟವಿರಲಿಲ್ಲ ಎಂಬುದರ ಮೇಲೆ. ಹಾಗಿದ್ದರೆ ಅವಳು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಹುಣಸೆಹಣ್ಣು ಕುಟ್ಟುತ್ತ ಕೂತಿದ್ದರೆ ಹಸು ಒಂದು ಒದೆ ಕೊಡುತ್ತಿತ್ತು, ದಿನ ಉಳಿಯುತ್ತಿತ್ತು. ಮೈದುನನಿಗೆ ಪೆಟ್ಟಾದೀತು ಅಂತ ಕೊಟ್ಟಳೇ? ಮಗನ ಮುಖ ನೋಡಿದಳೇ? ಇಲ್ಲ, ಪಾನಿಪೂರಿ ಪಾನಿಪೂರಿಯೇ, ಆದರೂ ಒಂದು ಸಲ ಗಾಡಿಯ ಮುಂದಿನ ಸೀಟಿನಲ್ಲಿ ಕೂರಬೇಕು ಅಂತ ಇತ್ತೇ? ಅವಳ ಮನಸ್ಸು ನನಗೆ ಗೊತ್ತು ಎಂದು ದೊಡ್ಡಪ್ಪ ಹೇಳುತ್ತಾನೆ. ನಾನೂ ಅದನ್ನೇ ಹೇಳುತ್ತ ಬಂದಿದ್ದೇನೆ, ಸ್ವಲ್ಪ ಒಳ್ಳೆಯ ವ್ಯಾಕರಣದಲ್ಲಿ.

ಮನೆ ತಲುಪುವ ಹೊತ್ತಿಗೆ ಚಿಕ್ಕಪ್ಪ ಡೈರಿಗೆ ಹಾಲು ಹಾಕಿ ಬಂದಿದ್ದ. ಅಣ್ಣ ಫೋನಿನಲ್ಲಿ ಹಳೆಯ ಫೋಟೋದ ಜಾಗಕ್ಕೆ ಬಿಳಿ ಗುಡ್ಡದ ಮುಂದಿನ ಹೊಸದನ್ನು ಹಾಕುತ್ತಿದ್ದ. ಎಲ್ಲರೂ ಸುಸ್ತಾಗಿ ಕೂತಿದ್ದರು, ರಾತ್ರಿಗೆ ಏನು ಅಡುಗೆ ಎಂದು ಯಾರೋ ಕೇಳಿದರು. ದೊಡ್ಡಮ್ಮ ಕೊಟ್ಟಿಗೆಯ ಮುಂದೆ ಕೂತು ಖಾಲಿ ಡಬ್ಬಿಗಳಿಗೆ ಅಂಟಿದ್ದ ಬಿಳಿ ಧೂಳು ತೊಳೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಒಂದು ಡಬ್ಬಿ ನನ್ನ ಕೈಗೂ ಕೊಟ್ಟಳು. ಈ ಸಲ ಉತ್ತರವನ್ನು ನಾನೇ ಊಹಿಸದೆ, ಯಾರಿಗೂ ಕೇಳಿಸದ ಹಾಗೆ ಕೇಳಿದೆ.

"ಉಟ್ಟಿದ್ದ ಸೀರೆನೇ ಯಾಕೆ ಬಿಚ್ಚಿಕೊಟ್ಟೆ, ದೊಡ್ಡಮ್ಮ?"